ಬ್ಲಾಕ್‌ಲಿಸ್ಟ್ ನಡೆಸೋಕೂ ದುಡ್ಡು ಬೇಕು

ನಮ್ಮ ಆಫೀಸಿನ ಮೇಲ್ ಸರ್ವರ್ ಪ್ರತಿ ಮೇಲ್ ಬಂದಾಗಲೂ ಒಂದು ಬ್ಲಾಕ್‌ಲಿಸ್ಟನ್ನು, ಅಂದರೆ ಸ್ಪ್ಯಾಮ್ (ಬೇಡದ ಮೇಲ್) ಕಳಿಸುವ ವಿಳಾಸಗಳ ಪಟ್ಟಿಯನ್ನು, ಕೇಳುತ್ತದೆ. ಅದಕ್ಕೆ ನಾವು ಕೊಡುವುದು ಸೊನ್ನೆ ರೂಪಾಯಿ. ಇದು ಸರಿಯಲ್ಲ ಅನ್ನಿಸುತ್ತಿದೆ.

ನೋಡೋಕೆ ಕೆಲಸ ಸರಳ. ಮೇಲ್ ಕಳಿಸಿದ ಸರ್ವರಿನ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ತಿರುಗಿಸಿ ಬರೆದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು ಹುಡುಕುವ ವ್ಯವಸ್ಥೆಯಲ್ಲಿ, ಕೇಳುವುದು. 127.0.0.2 ಅಂತ ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿದೆ ಎಂದರ್ಥ. ಆದರೆ ಆ ಉತ್ತರದ ಹಿಂದೆ ಸರ್ವರ್ ಬಾಡಿಗೆ ಇದೆ, ಸ್ಪ್ಯಾಮ್ ಹಿಡಿಯುವ ಬಲೆಗಳಿವೆ. ‘ನಮ್ಮನ್ನು ಸುಮ್ನೆ ಸೇರಿಸಿದ್ದೀರಿ’ ಅಂತ ಬರೆಯುವವರಿಗೆಲ್ಲ ತಾಳ್ಮೆಯಿಂದ ಉತ್ತರಿಸುವ ಜನರಿದ್ದಾರೆ. ಜೊತೆಗೆ ದಾಳಿಗಳು ಬೇರೆ. 2013ರಲ್ಲಿ ಸ್ಪ್ಯಾಮ್‌ಹೌಸ್ ಎಂಬ ಬ್ಲಾಕ್‌ಲಿಸ್ಟ್ ಸಂಸ್ಥೆಯ ಮೇಲೆ ಸುಳ್ಳು ಟ್ರಾಫಿಕ್ ಸುರಿದು ನಡೆಸಿದ ದಾಳಿ ಸೆಕೆಂಡಿಗೆ ಸುಮಾರು 300 ಗಿಗಾಬಿಟ್ ಮುಟ್ಟಿತ್ತು.

ಇಂಥ ಸೇವೆ ನಿಂತರೆ ಏನಾಗುತ್ತದೆ? ಸ್ವಯಂಸೇವಕರು ನಡೆಸುತ್ತಿದ್ದ ಓಆರ್‌ಡಿಬಿ ಎಂಬ ಬ್ಲಾಕ್‌ಲಿಸ್ಟ್ 2006ರ ಕೊನೆಗೆ ಮುಚ್ಚಿತು. ಎಷ್ಟೋ ಸರ್ವರ್‌ಗಳು ಆಮೇಲೂ ಅದನ್ನೇ ಕೇಳುತ್ತಿದ್ದವು. 2008ರಲ್ಲಿ ಅದು ಕೇಳಿದ ಪ್ರತಿ ವಿಳಾಸಕ್ಕೂ ‘ಹೌದು, ಪಟ್ಟಿಯಲ್ಲಿದೆ’ ಎನ್ನತೊಡಗಿತು. ಒಳ್ಳೆಯ ಮೇಲ್‌ಗಳೂ ವಾಪಸ್ ಹೋದವು! ಸಾರ್ಬ್ಸ್ ಎಂಬ ಹಳೆಯ ಬ್ಲಾಕ್‌ಲಿಸ್ಟ್ ಕೂಡ 2024ರಲ್ಲಿ ಮುಚ್ಚಿತು.

ದುಡ್ಡು ಕೊಟ್ಟವರ ಹೆಸರು ಪಟ್ಟಿಯಿಂದ ತೆಗೆಯುವ ದಾರಿ ಮಾತ್ರ ಬೇಡ. ಹಾಗಾದರೆ ಪಟ್ಟಿಯನ್ನು ಯಾರು ನಂಬುತ್ತಾರೆ? ಬಳಸುವವರೇ ಕೊಡಬೇಕು, ಅಲ್ವಾ? ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಎಷ್ಟೊಂದು ಕಂಪನಿಗಳಿವೆ! ವರ್ಷಕ್ಕೊಂದು ಸಣ್ಣ ಮೊತ್ತ ಕೊಡಬಹುದು. ದುಡ್ಡು ಕಷ್ಟವಾದರೆ ಒಂದು ಮಿರರ್ ಸರ್ವರ್ (ಪಟ್ಟಿಯ ಪ್ರತಿ ಇಟ್ಟುಕೊಂಡು ಉತ್ತರಿಸುವ ಸರ್ವರ್) ಕೊಡಲಿ. ನಮ್ಮ ಮ್ಯಾನೇಜರ್ ಹತ್ತಿರ ಕೇಳಿದ್ದೇನೆ. ನೀವೂ ನಿಮ್ಮಲ್ಲಿ ಕೇಳಿ, ಪ್ಲೀಸ್.