ಬಾವಾ ಕಟ್ಟಿದ ಮನೆಗಳನ್ನು ನೋಡಹೊರಡುವವರಿಗೆ

ಶ್ರೀಲಂಕೆಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕ್ಯಾಂಡಿ, ಸಿಗಿರಿಯ, ನುವರ ಎಲಿಯಗಳನ್ನು ಸುತ್ತಿ ಹಿಂದಿರುಗುತ್ತಾರೆ. ಕಳೆದ ಫೆಬ್ರವರಿಯಲ್ಲಿ ನಾನೂ ನನ್ನ ಅಕ್ಕನೂ ಅವೆಲ್ಲವನ್ನೂ ಬಿಟ್ಟು, ಜೆಫ್ರಿ ಬಾವಾ ಎಂಬ ಒಬ್ಬರೇ ವಾಸ್ತುಶಿಲ್ಪಿಯ ಮನೆಗಳಿಗಾಗಿ ಐದು ದಿನ ಕೊಟ್ಟೆವು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಪ್ರಯಾಣದಲ್ಲಿ ಕಷ್ಟವೇನಿಲ್ಲ. ಕಷ್ಟವಿರುವುದು ಮನೆಗಳ ಬಾಗಿಲು ತೆರೆಸುವುದರಲ್ಲಿ. ಅದನ್ನು ನಾವು ಮೊದಲ ದಿನವೇ ಕಲಿತೆವು. ಕೊಲಂಬೊದ ಬಾಗತಲೆ ರಸ್ತೆಗೆ ಸೇರುವ 33ನೇ ಓಣಿಯಲ್ಲಿ ಬಾವಾ ಅವರು ವಾಸಿಸುತ್ತಿದ್ದ ‘ನಂಬರ್ 11’ ಮನೆಯ ಮುಂದೆ, ವಸ್ತುಸಂಗ್ರಹಾಲಯಕ್ಕೆ ಹೋಗುವಂತೆ ಟಿಕೆಟ್ ಕೊಂಡು ಒಳಗೆ ಹೋಗಬಹುದೆಂದು ಭಾವಿಸಿ ನಿಂತೆವು. ಮುಂಗಡವಾಗಿ ಸಮಯ ಗೊತ್ತುಮಾಡಿಕೊಳ್ಳದ ಕಾರಣ ಹಾಗೆಯೇ ಮರಳಬೇಕಾಯಿತು. ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಈ ಮನೆಯ ಮತ್ತು ಅವರ ತೋಟವಾದ ಲುನುಗಂಗದ ಭೇಟಿಯ ಸಮಯಗಳನ್ನು ಕಾದಿರಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಜಾಣತನ.

ಬಾವಾ (1919–2003) ಮೊದಲು ವಕೀಲರಾಗಿದ್ದವರು. 1948ರಲ್ಲಿ ಬೆಂತೋಟದ ಬಳಿ ಒಂದು ರಬ್ಬರ್ ತೋಟವನ್ನು (ಅದೇ ಲುನುಗಂಗ) ಕೊಂಡು, ಅದನ್ನು ತಮಗೆ ಬೇಕಾದಂತೆ ತಿದ್ದಲು ವಿದ್ಯೆ ಸಾಲದೆಂದು ಮನಗಂಡು ಲಂಡನ್ನಿನಲ್ಲಿ ಮತ್ತೆ ವಿದ್ಯಾರ್ಥಿಯಾದರು; ವಾಸ್ತುಶಿಲ್ಪಿಯಾಗಿ ಅರ್ಹತೆ ಪಡೆದದ್ದು 1957ರಲ್ಲಿ, 38ನೆಯ ವಯಸ್ಸಿನಲ್ಲಿ. ತೋಟ ಮೊದಲು, ವೃತ್ತಿ ನಂತರ ಎಂಬ ಈ ಕ್ರಮವನ್ನು ನೆನಪಿಟ್ಟುಕೊಂಡರೆ ಅವರ ಮನೆಗಳು ಬೇಗ ಅರ್ಥವಾಗುತ್ತವೆ. ಆದರೆ ನೋಡುವವರು ಮಾತ್ರ ಕೊಲಂಬೊದ ಮನೆಯಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ನಂಬರ್ 11 ಮೂಲತಃ ಓಣಿಯಲ್ಲಿ ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳು. ಬಾವಾ ಅವುಗಳನ್ನು ಒಂದೊಂದಾಗಿ ಪಡೆದು, ಗೋಡೆಗಳನ್ನು ತೆಗೆದು, ಒಂದರೊಳಗೊಂದನ್ನು ಹೆಣೆದರು. ಉದ್ದನೆಯ ಬಿಳಿ ಹಾದಿಯಲ್ಲಿ ನಡೆಯುತ್ತಿರುವಾಗ ಅಲ್ಲಲ್ಲಿ ಆಕಾಶಕ್ಕೆ ತೆರೆದ ಪುಟ್ಟ ಅಂಗಳಗಳಿಂದ ಬೆಳಕು ಇಳಿಯುತ್ತದೆ. ಚೆಟ್ಟಿನಾಡಿನ ಹಳೆಯ ಮನೆಗಳಿಂದ ತಂದ ಮರದ ಕಂಬಗಳು ಸಣ್ಣದೊಂದು ಕೊಳದ ಪಕ್ಕದಲ್ಲಿ ನಿಂತಿವೆ. ಚಪ್ಪಲಿಯನ್ನು ಹೊರಗೇ ಬಿಡಬೇಕು, ಏಕೆಂದರೆ ನೆಲವೂ ಬಿಳಿ. ಛಾಯಾಚಿತ್ರದ ನಿಯಮವನ್ನು ಕಾದಿರಿಸುವಾಗಲೇ ಕೇಳಿಕೊಳ್ಳಿ.

ಅದೇ ದಿನ ಮಧ್ಯಾಹ್ನ ಹತ್ತಿರದ ಆಲ್ಫ್ರೆಡ್ ಹೌಸ್ ರಸ್ತೆಯ ಗ್ಯಾಲರಿ ಕೆಫೆಗೆ ಹೋಗಬಹುದು. ಮನೆಯಾಗಿ ರೂಪುಗೊಂಡು ಬಾವಾ ಅವರ ಕಚೇರಿಯಾದ ಕಟ್ಟಡವದು. ಒಂದು ಕಾಫಿಯ ಬೆಲೆಗೆ ಅವರ ಅಂಗಳದಲ್ಲಿ ಒಂದು ಗಂಟೆ ಕೂರಲು ಸಿಗುವುದು ಇಲ್ಲಿ ಮಾತ್ರ.

ಲುನುಗಂಗಕ್ಕೆ ಕಾರು ಬೇಕಿಲ್ಲ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ಕರಾವಳಿಯ ರೈಲಿನಲ್ಲಿ ಅಲುತ್‌ಗಮದವರೆಗೆ ಹೋಗಿ, ಅಲ್ಲಿಂದ ಆಟೊ ಹಿಡಿಯಬಹುದು. ಬಲಗಡೆಯ ಕಿಟಕಿಯಲ್ಲಿ ಕುಳಿತರೆ ದಾರಿಯುದ್ದಕ್ಕೂ ಕಡಲು ಪಕ್ಕದಲ್ಲೇ ಇರುತ್ತದೆ. ಆಟೊದ ಬಾಡಿಗೆಯನ್ನು ಹತ್ತುವ ಮುಂಚೆ ಮಾತಾಡಿಕೊಳ್ಳಬೇಕು, ಹಿಂದಿರುಗುವ ಏರ್ಪಾಡನ್ನೂ ಆಗಲೇ ಮಾಡಿಕೊಳ್ಳಬೇಕು. ತೋಟದ ಬಾಗಿಲಲ್ಲಿ ನಮಗೆ ಒಂದೂ ಗಾಡಿ ಸಿಗಲಿಲ್ಲ.

ದೆದ್ದುವ ಸರೋವರದ ದಡದಲ್ಲಿರುವ ಈ ತೋಟವನ್ನು ಬಾವಾ ಐವತ್ತು ವರ್ಷ ತಿದ್ದಿದರು. ಮನೆಯ ದಕ್ಷಿಣದ ಜಗಲಿಯಲ್ಲಿ ನಿಂತರೆ ಎದುರಿಗೆ ಹುಲ್ಲಿನ ದಿಬ್ಬ, ಅದರ ಮೇಲೆ ಮರದ ಕೆಳಗೆ ಒಂದು ದೊಡ್ಡ ಜಾಡಿ, ಅದರಾಚೆ ನೀರು, ದೂರದಲ್ಲಿ ಬಿಳಿಯ ಸ್ತೂಪ. ಎಲ್ಲವೂ ತಾನಾಗಿ ಹಾಗಿದ್ದಂತೆ ಕಾಣುತ್ತದೆ. ವಾಸ್ತವದಲ್ಲಿ, ಆಚೆಯ ನೀರು ಕಾಣಲೆಂದು ದಿಬ್ಬದ ನೆತ್ತಿಯನ್ನೇ ತಗ್ಗಿಸಲಾಗಿದೆ. ನಡುವೆ ಹಾದುಹೋಗುವ ಊರಿನ ರಸ್ತೆ ತಗ್ಗಿನಲ್ಲಿ ಅಡಗಿದೆ. ದೇವಕಣಗಿಲೆಯ ಕೊಂಬೆಗಳು ಬೇಕಾದ ಕಡೆಗೆ ಬಾಗಲೆಂದು ಅವುಗಳಿಗೆ ಭಾರ ಕಟ್ಟಿ ತೂಗುಹಾಕುತ್ತಿದ್ದರಂತೆ. ಕೃಷಿಕ ಕುಟುಂಬದಿಂದ ಬಂದ ಅಕ್ಕ ಇದನ್ನು ಕೇಳಿ, “ಇಷ್ಟು ಕೆಲಸ ಮಾಡಿ, ಮಾಡಿದ್ದು ಕಾಣದ ಹಾಗೆ ಮಾಡಿದ್ದಾರಲ್ಲೋ” ಎಂದಳು. ನಾನು ಓದಿಕೊಂಡು ಹೋಗಿದ್ದ ವಿವರಣೆಗಳಿಗಿಂತ ಆ ಮಾತೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಹಗಲಿನ ಮಾರ್ಗದರ್ಶಿತ ಸುತ್ತಾಟದಲ್ಲಿ ತೋಟದ ಅಂದಾಜು ಸಿಗುತ್ತದೆ, ಅಷ್ಟೆ. ಖರ್ಚನ್ನು ಭರಿಸಬಲ್ಲವರು ಒಂದು ರಾತ್ರಿ ಅಲ್ಲಿಯೇ ತಂಗಬೇಕು. ಅಗ್ಗವಲ್ಲ, ನಾವು ಅದಕ್ಕಾಗಿ ಕೊಲಂಬೊದಲ್ಲಿ ಸಾಧಾರಣ ವಸತಿಗೃಹಕ್ಕೆ ಒಪ್ಪಿಕೊಂಡೆವು. ಬಾವಾ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಡೆ ಕೂರುತ್ತಿದ್ದರು. ಎಲ್ಲಿಗೆ ಪಾನೀಯ ತರಬೇಕೆಂದು ಆಳುಗಳಿಗೆ ತಿಳಿಯಲು ಒಂದೊಂದು ಕಡೆ ಒಂದೊಂದು ದನಿಯ ಗಂಟೆ ಇತ್ತು. ಸಂಜೆಯ ಮತ್ತು ಮುಂಜಾನೆಯ ಬೆಳಕು ಎರಡನ್ನೂ ಕಂಡವರಿಗೆ ಈ ಏರ್ಪಾಡಿನ ಕಾರಣ ತಿಳಿಯುತ್ತದೆ. ಸೊಳ್ಳೆಗೆ ಹಚ್ಚುವ ಮುಲಾಮು, ಜಾರದ ಪಾದರಕ್ಷೆ ಇವೆರಡನ್ನೂ ಮರೆಯಬೇಡಿ.

ಕಾದಿರಿಸುವಾಗ ಈನಾ ಡಿ ಸಿಲ್ವಾ ಅವರ ಮನೆಯೂ ಸುತ್ತಾಟದಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಾಟಿಕ್ ಕಲಾವಿದೆಯಾಗಿದ್ದ ಅವರಿಗಾಗಿ ಬಾವಾ 1960ರ ದಶಕದ ಆರಂಭದಲ್ಲಿ ಕೊಲಂಬೊದಲ್ಲಿ ಕಟ್ಟಿದ ಈ ಮನೆಯನ್ನು, ನಿವೇಶನ ಮಾರಾಟವಾದ ಮೇಲೆ ಬಿಚ್ಚಿ, ಭಾಗಗಳಿಗೆ ಗುರುತು ಹಾಕಿ, ಲುನುಗಂಗಕ್ಕೆ ಸಾಗಿಸಿ ಮತ್ತೆ ನಿಲ್ಲಿಸಲಾಗಿದೆ. ಬೀದಿಗೆ ಬೆನ್ನು ತಿರುಗಿಸಿ ನಡುವಿನ ಅಂಗಳಕ್ಕೆ ಮುಖಮಾಡಿದ ಮನೆ. ಆ ಅಂಗಳವನ್ನು ಸಿಂಹಳದಲ್ಲಿ ‘ಮೆದ ಮಿದುಲ’ ಎನ್ನುತ್ತಾರೆ. ಮಲೆನಾಡಿನ ತೊಟ್ಟಿಮನೆಯಲ್ಲಿ ಬೆಳೆದ ನಮಗೆ ಹೊಸದೆನಿಸಲಾರದೆಂದು ತಿಳಿದಿದ್ದೆ. ಆದರೆ ನಮ್ಮ ತೊಟ್ಟಿ ಅಡಿಕೆ, ನೀರು, ಹಬ್ಬಗಳ ಕೆಲಸದ ಜಾಗ. ಇಲ್ಲಿ ಅದೇ ಅಂಗಳವನ್ನು ಗಾಳಿ ಬೆಳಕಿಗಾಗಿ ನಗರದ ಇಕ್ಕಟ್ಟಾದ ನಿವೇಶನಕ್ಕೆ ಹೊಂದಿಸಿದ್ದಾರೆ. ಈಗ ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರು ಬೇರೇನು ಬಿಟ್ಟರೂ ಇದನ್ನು ನೋಡಲೇಬೇಕು.

ಅಣ್ಣ ಬೆವಿಸ್ ಬಾವಾ ಅವರ ಬ್ರೀಫ್ ತೋಟವೂ ಅಲುತ್‌ಗಮದಿಂದ ಹೆಚ್ಚು ದೂರವಿಲ್ಲ. ಆರಂಭವಾದದ್ದು 1929ರಲ್ಲಿ, ಲುನುಗಂಗಕ್ಕಿಂತ ಮುಂಚೆ. ತಮ್ಮನದಕ್ಕಿಂತ ದಟ್ಟವಾದ, ತುಂಟತನದ ತೋಟ. ಅರ್ಧ ದಿನ ಸಾಕು.

ಮೇಯಿಂದ ಸೆಪ್ಟೆಂಬರ್‌ವರೆಗೆ ಈ ತೀರದಲ್ಲಿ ಮುಂಗಾರಿನ ಕಾಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಳ್ಳೆಯವು. ಹುಣ್ಣಿಮೆಯಂದು ‘ಪೋಯ’ ಎಂಬ ಬೌದ್ಧರ ಹಬ್ಬದ ಸಾರ್ವಜನಿಕ ರಜೆ ಇರುವುದರಿಂದ ಪಂಚಾಂಗ ನೋಡಿ ಹೊರಡಿ. ವೀಸಾದ ನಿಯಮಗಳು ಬದಲಾಗುತ್ತಿರುವುದರಿಂದ ಸರ್ಕಾರದ ಅಧಿಕೃತ ಜಾಲತಾಣವನ್ನೇ ನಂಬಬೇಕು. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ತೆಂಗಿನಕಾಯಿಯ ಸಂಬಲದಲ್ಲಿಯೂ ಕೆಲವು ತರಕಾರಿ ಪಲ್ಯಗಳಲ್ಲಿಯೂ ಉಂಬಲಕಡ ಎಂಬ ಒಣಮೀನಿನ ಚೂರು ಇರುತ್ತದೆ. “ಮೀನು ಬೇಡ” ಎಂದರೆ ಸಾಲದು, ಉಂಬಲಕಡವನ್ನು ಹೆಸರು ಹಿಡಿದೇ ಹೇಳಬೇಕು. ಅಕ್ಕ ಎರಡು ಊಟ ಬಿಟ್ಟ ಮೇಲೆ ನಮಗಿದು ತಿಳಿಯಿತು.

ಕೊಲಂಬೊಗೆ ಮರಳುವ ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ.