ಊರೊಳಗಿನ ನಲವತ್ತು ಕಿಲೋಮೀಟರ್, ಆಮೇಲೆ ಗುಡ್ಡ

ಹೊರೆ ಹೇರಿಕೊಂಡು ದಿನಕ್ಕೆ 90 ಕಿ.ಮೀ. ಹೋಗಬೇಕು, 40 ಊರೊಳಗಿನ ಸೈಕಲ್ ದಾರಿ, 50 ಗುಡ್ಡದ ರಸ್ತೆ ಎಂದಾಗ ಎಲ್ಲರೂ ಹೆದರುವುದು ಗುಡ್ಡಕ್ಕೆ. ನಿಜವಾಗಿ ದಿನವನ್ನು ನುಂಗುವುದು ಮೊದಲಿನ 40. ನಕ್ಷೆಯ ಆ್ಯಪ್ ಅದಕ್ಕೆ ಎರಡು ಗಂಟೆ ಎನ್ನುತ್ತದೆ, ನಂಬಬೇಡಿ. ನಡೆಯುವವರು, ಮಕ್ಕಳು, ನಾಯಿಗಳು, ಸಿಗ್ನಲ್, ಬೇರು ಎತ್ತಿದ ಡಾಂಬರು, ಇವುಗಳ ನಡುವೆ ಗಂಟೆಗೆ 13 ಕಿ.ಮೀ. ಸಿಕ್ಕರೆ ಹೆಚ್ಚು. ಮೂರು ಗಂಟೆ ಎತ್ತಿಡಿ, ಬೆಳಕು ಹರಿಯುತ್ತಲೇ ಹೊರಡಿ. ಜನ ಸೇರಿದ ಮೇಲೆ ಆ ದಾರಿ ಸವಾರಿಗೆ ಲಾಯಕ್ಕಲ್ಲ. ವಾಹನ ತಡೆಯಲು ನೆಟ್ಟ ಕಂಬಗಳ ನಡುವೆ ಹ್ಯಾಂಡಲ್ ನುಸುಳಿತೆಂದು ಹಿಂದಿನ ಚೀಲಗಳೂ ನುಸುಳುತ್ತವೆ ಅಂದುಕೊಳ್ಳಬೇಡಿ. ಎರಡೂ ಚೀಲ ಸೇರಿದ ಅಗಲವನ್ನು ಮನೆಯಲ್ಲೇ ಟೇಪ್ ಹಿಡಿದು ಅಳೆದಿಟ್ಟುಕೊಳ್ಳಿ.

ದೊಡ್ಡ ಮೋಸವೆಂದರೆ ಮೆಟ್ಟಿಲಿನ ಮೇಲ್ಸೇತುವೆ. ನಕ್ಷೆಯಲ್ಲಿ ಗೆರೆ ಒಂದೇ ಸಮನೆ ಸಾಗುತ್ತದೆ, ಹೋಗಿ ನೋಡಿದರೆ ಗಾಲಿ ಉರುಳಿಸುವ ಇಳಿಜಾರು ಪಟ್ಟಿಯೂ ಇರುವುದಿಲ್ಲ. 15 ಕೆ.ಜಿ. ಸೈಕಲ್, 12 ಕೆ.ಜಿ. ಹೊರೆ ಒಟ್ಟಿಗೆ ಎತ್ತಿದರೆ ಹಿಂಭಾರ ಸೈಕಲ್ಲನ್ನು ತಿರುಗಿಸುತ್ತದೆ, ಪೆಡಲ್ ಮೊಣಕಾಲಿಗೆ ಬಡಿಯುತ್ತದೆ. ಚೀಲ ಬಿಚ್ಚಿ, ಎರಡು ಸಲ ಹತ್ತಿ ಇಳಿಯಿರಿ. ಒಂದು ಸೇತುವೆಗೆ ಹತ್ತು ನಿಮಿಷ ಹೋಯಿತು. ದಾರಿಯಲ್ಲಿ ಇಂಥವು ಎರಡಿದ್ದರೆ ಮೂರು ಕಿ.ಮೀ. ಸುತ್ತುವ ರಸ್ತೆಯೇ ವಾಸಿ.

ಇಲ್ಲೊಂದು ಅಪಾಯ ಕಣ್ಣಿಗೆ ಕಾಣದೆ ಅಂಟಿಕೊಳ್ಳುತ್ತದೆ. ಕಂಬಕ್ಕೋ ಕಟ್ಟೆಗೋ ಒರಗಿಸಿದ ಸೈಕಲ್ ಉರುಳಿ ಬಲಕ್ಕೆ ಬಿದ್ದರೆ, ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ತೂಗುವ ಹ್ಯಾಂಗರ್, ಅಂದರೆ ಫ್ರೇಮಿಗೆ ಹಿಡಿದ ಪುಟ್ಟ ಲೋಹದ ತುಂಡು, ಒಳಕ್ಕೆ ಬಾಗುತ್ತದೆ. ಸಪಾಟಿನಲ್ಲಿ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ತೀರಾ ಹಗುರ ಗೇರ್ ಬೇಕಾಗುವುದೇ ಇಲ್ಲ. ಗುಡ್ಡದ ಮೊದಲ ಕಡಿದಾದ ತಿರುವಿನಲ್ಲಿ ಹಗುರ ಗೇರಿಗೆಂದು ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದಾಗ ಡಿರೇಲರ್ ಗಾಲಿಯ ಕಡ್ಡಿಗಳೊಳಗೆ ಸಿಕ್ಕಿ ಮುರಿಯುತ್ತದೆ. ಅಲ್ಲಿಗೆ ಪ್ರವಾಸ ಮುಗಿಯಿತು.

ಹಾಗಾಗಿ ಊರು ದಾಟಿದ ಕೂಡಲೇ ನಿಲ್ಲಿಸಿ, ಹಿಂದಿನಿಂದ ಬಾಗಿ ನೋಡಿ: ಡಿರೇಲರಿನ ಎರಡು ಪುಟ್ಟ ಚಕ್ರಗಳು, ಮೇಲಿನ ಹಲ್ಲುಚಕ್ರ ಒಂದೇ ನೇರ ಗೆರೆಯಲ್ಲಿರಬೇಕು. ಗಾಲಿ ಎತ್ತಿ, ಕೈಯಿಂದ ಪೆಡಲ್ ತಿರುಗಿಸುತ್ತ ಎಲ್ಲ ಗೇರ್ ಹಾಕಿ ನೋಡಿ. ಓರೆ ಕಂಡರೆ ಡಿರೇಲರ್ ಬೋಲ್ಟಿಗೆ ಅಲೆನ್ ಕೀ ತೂರಿಸಿ, ನಿಧಾನವಾಗಿ ಒಂದೇ ಸಲ ಹೊರಕ್ಕೆ ಬಗ್ಗಿಸಿ. ಅಲ್ಯೂಮಿನಿಯಂ ಅದು, ಹಿಂದೆ ಮುಂದೆ ಆಡಿಸಿದರೆ ಪಟ್ಟನೆ ತುಂಡಾಗುತ್ತದೆ. ಸರಿಹೋಗದಿದ್ದರೆ ಡಿರೇಲರ್ ಮೇಲಿನ ‘ಎಲ್’ ಗುರುತಿನ ಸ್ಕ್ರೂವನ್ನು ಬಲಕ್ಕೆ ತಿರುಗಿಸಿ, ಚೈನ್ ದೊಡ್ಡ ಚಕ್ರಕ್ಕೆ ಏರದಂತೆ ಮಾಡಿ. ಒಂದು ಗೇರ್ ಹೋಗುತ್ತದೆ, ಸೈಕಲ್ ಉಳಿಯುತ್ತದೆ. ಹ್ಯಾಂಗರಿನ ಆಕಾರ ಫ್ರೇಮಿನಿಂದ ಫ್ರೇಮಿಗೆ ಬೇರೆ. ನಿಮ್ಮದಕ್ಕೆ ಹೊಂದುವ ಇನ್ನೊಂದನ್ನು ಚೀಲದಲ್ಲಿಡಿ.

ಬೀಳದಂತೆ ತಡೆಯಲು ಹಳೆ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿಕೊಳ್ಳಿ, ಸಾಕು. ನಿಲ್ಲಿಸುವಾಗ ಮುಂದಿನ ಬ್ರೇಕ್ ಹಿಡಿಯನ್ನು ಒತ್ತಿ, ಹಿಡಿ, ಹ್ಯಾಂಡಲ್ ಎರಡನ್ನೂ ಸೇರಿಸಿ ಬಳೆ ಸಿಕ್ಕಿಸಿದರೆ ಮುಂದಿನ ಗಾಲಿ ಉರುಳದು, ಒರಗಿಸಿದ ಸೈಕಲ್ ಜಾರದು. ಉಳಿದ ಹೊತ್ತು ಅದು ಹ್ಯಾಂಡಲಿನ ಮೇಲೇ ಇರುತ್ತದೆ. ದುಬಾರಿ ಸ್ಟ್ಯಾಂಡಿಗಿಂತ ಇದರ ಮೇಲೆ ನಂಬಿಕೆ ಹೆಚ್ಚು: ತೂಕವಿಲ್ಲ, ಮುರಿಯುವ ಭಾಗವಿಲ್ಲ, ಬೇಕಾದರೆ ಚೀಲ ಕಟ್ಟಲೂ ಆಗುತ್ತದೆ.

ಏರಿನ ಲೆಕ್ಕ ಹೀಗಿದೆ. ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರದಲ್ಲಿ 34, ಹಿಂದಿನದರಲ್ಲಿ 34 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.15 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.7 ಕಿ.ಮೀ. ಶೇ. 10ರ ಏರಿನಲ್ಲಿ, ಎಲ್ಲ ಸೇರಿ 95 ಕೆ.ಜಿ. ಇದ್ದರೆ, ಇದಕ್ಕೆ ಸುಮಾರು 210 ವಾಟ್ ಬೇಕು. ಆಗಲೇ ಮೂರು ಗಂಟೆ ತುಳಿದ ಕಾಲಿಗೆ ಅದು ಹೆಚ್ಚಾಯಿತು. ಮುಂದಿನದು 26 ಹಲ್ಲಿನದಾದರೆ ಅದೇ ತುಳಿತಕ್ಕೆ 160 ವಾಟ್ ಸಾಕು. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿ. ಬಲವಾಗಿ ತುಳಿಯುತ್ತ ಬದಲಿಸಿದರೆ ಚೈನ್ ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಾಗಬಾರದು, ಬಿಸಿಲಿದ್ದರೆ ಮುಕ್ಕಾಲು.

ಗುಡ್ಡದ ತುದಿಯಲ್ಲಿ ಕ್ಯಾರಿಯರ್ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಊರಿನ ಕಲ್ಲುಹಾಸಿನ ಮೇಲೆ ಅದುರಿ ಅವು ಸಡಿಲಾಗಿರುತ್ತವೆ. ಇಳಿಯುವಾಗ ಬ್ರೇಕನ್ನು ಸದಾ ಒತ್ತಿಕೊಂಡೇ ಇರಬೇಡಿ: ಗಾಲಿಯ ಅಂಚನ್ನೇ (ರಿಮ್) ಹಿಡಿಯುವ ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಹೊರೆಯಿಂದ ಹ್ಯಾಂಡಲ್ ನಡುಗಲು ಶುರುವಾದರೆ ಅದನ್ನು ಬಿಗಿಯಾಗಿ ಅದುಮಬಾರದು. ಮೊಣಕಾಲಿನಿಂದ ಫ್ರೇಮಿನ ಮೇಲಿನ ಅಡ್ಡಪಟ್ಟಿಯನ್ನು ಒತ್ತಿ ಹಿಡಿದು, ಸೀಟಿನಿಂದ ತುಸು ಎದ್ದು, ಮೆಲ್ಲಗೆ ಹಿಂದಿನ ಬ್ರೇಕ್ ಹಾಕಿ. ನಿಂತ ಮೇಲೆ ಭಾರದ ಸಾಮಾನನ್ನು ಚೀಲದ ತಳಕ್ಕೆ, ಗಾಲಿಯ ಪಕ್ಕಕ್ಕೆ ಸರಿಸಿ.