ಕರವಸ್ತ್ರದ ಗಂಟಿನಲ್ಲಿ ಒಂದು ಹಿಡಿ ರಾಗಿ

ಅರಸೀಕೆರೆಯಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಬಳ್ಳಾರಿ ರಸ್ತೆಯಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕೃಷಿ ಮೇಳಕ್ಕೆ ಭಾನುವಾರ ಹೋಗಬೇಡ ಎಂದು ಅಣ್ಣ ಹೇಳಿದ್ದ; ನಾನು ಕೇಳಲಿಲ್ಲ. ಟ್ರ್ಯಾಕ್ಟರು, ಡ್ರೋನುಗಳ ಮಳಿಗೆಗಳನ್ನೆಲ್ಲ ಜನರ ನೂಕಾಟವೇ ದಾಟಿಸಿತು.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾಮೆ, ಊದಲುಗಳಿಗೆ ಬಂದಿರುವ ಠೀವಿಯನ್ನು ಇಲ್ಲಿ ನೋಡಬೇಕು. ನವಣೆ ಪಿಜ್ಜಾ, ಸಾಮೆ ನೂಡಲ್ಸ್, ರಾಗಿ ಬಿಸ್ಕತ್ತು. ಬಿಸ್ಕತ್ತು ತಿಂದೆ, ಸಕ್ಕರೆಯ ನಡುವೆ ರಾಗಿಯನ್ನು ಹುಡುಕಬೇಕಾಯಿತು. ಮುದ್ದೆ, ಬಸ್ಸಾರು ಉಂಡು ಬೆಳೆದ ನಾಲಿಗೆಗೆ ಇದು ಅವಮಾನವೇ. ಪೊಟ್ಟಣದ ಮೇಲೆ ಕ್ಯಾಲ್ಸಿಯಂ, ನಾರಿನಂಶದ ಲೆಕ್ಕವೆಲ್ಲ ಇತ್ತು. ಯಾವ ರಾಗಿ ಎಂಬುದು ಮಾತ್ರ ಇರಲಿಲ್ಲ.

ಆ ಪ್ರಶ್ನೆ ನನಗೆ ಹೊಳೆದದ್ದೂ ಸಾಲಿನ ಕೊನೆಯ ಮಳಿಗೆಯಲ್ಲಿ. ಅಲ್ಲಿ ಒಬ್ಬ ಅಜ್ಜಿ ರಾಗಿ ತೆನೆಗಳನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಒಂದರ ಇಲುಕುಗಳು, ಅಂದರೆ ತೆನೆಯ ಕವಲುಗಳು, ಮುಷ್ಟಿಯಂತೆ ಮುಚ್ಚಿಕೊಂಡಿದ್ದವು, ಇನ್ನೊಂದರವು ಬೆರಳು ಬಿಡಿಸಿದಂತೆ ಹರಡಿದ್ದವು. ಉಂಡೆ ರಾಗಿ, ಗಿಡ್ಡ ರಾಗಿ, ಬಿಳಿ ರಾಗಿ, ಎಡಗು ರಾಗಿ ಎಂದು ಮೊಮ್ಮಕ್ಕಳ ಹೆಸರು ಹೇಳುವಂತೆ ಹೇಳುತ್ತಾ ಹೋದರು.

"ಇವುಗಳಲ್ಲಿ ಇಳುವರಿ ಹೆಚ್ಚು ಬರುವುದು ಯಾವುದು ಅಜ್ಜಿ?"

"ಯಾವ ವರ್ಷಕ್ಕಪ್ಪ?"

ನಾನು ತಬ್ಬಿಬ್ಬಾದೆ. ಅವರೇ ಮುಂದುವರಿಸಿದರು: "ಮಳೆ ಹೊತ್ತಿಗೆ ಬಂದರೆ ಒಂದು, ತಡವಾದರೆ ಇನ್ನೊಂದು. ಎರಡನ್ನೂ ಮನೆಯಲ್ಲಿ ಇಟ್ಟುಕೊಳ್ಳದೆ ಮಳೆಗೆ ಕಾಯುವುದು ಹೇಗೆ?"

ನಮ್ಮ ಮನೆಯಲ್ಲಿ ಅಪ್ಪ ಇಂಡಾಫ್ ಬಿತ್ತುತ್ತಿದ್ದುದನ್ನು ಹೇಳಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಮಾಡಿದ ತಳಿಗಳವು; ಇಂಡಿಯಾ, ಆಫ್ರಿಕಾ ಸೇರಿಯೇ ಇಂಡಾಫ್. ರಾಗಿಯ ತವರು ಪೂರ್ವ ಆಫ್ರಿಕಾ ಆದ್ದರಿಂದ, ಬಹುಕಾಲ ದೂರವಿದ್ದ ನೆಂಟರನ್ನು ಕೂಡಿಸಿದ ಹಾಗಾಯಿತು. ಅಜ್ಜಿ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಅದು ಹೊಟ್ಟೆ ತುಂಬಿಸಿತಪ್ಪ. ಆದರೆ ಅದು ಬಂತೆಂದು ಅದನ್ನು ಹೆತ್ತವರನ್ನೇ ಮನೆಯಿಂದ ಆಚೆ ಹಾಕಿದೆವಲ್ಲ, ತಪ್ಪು ನಮ್ಮದು."

ಬಿತ್ತನೆಗೆ ಒಂದು ಸೇರು ಕೊಳ್ಳಲು ಹೋದೆ. ಆ ಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಸತ್ತಿತ್ತು. ಪರದೆಯ ಮೇಲಿನ ಚಕ್ರ ತಿರುಗಿದ್ದೇ ತಿರುಗಿದ್ದು. ಜೇಬಿನಲ್ಲಿದ್ದುದು ಐನೂರರ ಒಂದೇ ನೋಟು. ಐದು ಮಳಿಗೆ ಅಲೆದರೂ ಚಿಲ್ಲರೆ ಹುಟ್ಟಲಿಲ್ಲ. ಮೇಳಕ್ಕೆ ಹೋಗುವವರು ದಯವಿಟ್ಟು ಹತ್ತು, ಇಪ್ಪತ್ತರ ನೋಟುಗಳ ಕಟ್ಟನ್ನೇ ಒಯ್ಯಿರಿ. ಮರಳಿ ಬರುವಷ್ಟರಲ್ಲಿ ಆ ರಾಗಿ ಬೇರೆಯವರ ಚೀಲ ಸೇರಿತ್ತು.

ನನ್ನ ಮುಖ ನೋಡಿ ಅಜ್ಜಿ ಹಗ್ಗದಿಂದ ಒಂದು ತೆನೆ ಕಿತ್ತು, ಅಂಗೈಯಲ್ಲೇ ಉಜ್ಜಿ, ಹೊಟ್ಟು ಊದಿ, ನನ್ನ ಕರವಸ್ತ್ರಕ್ಕೆ ಸುರಿದರು. "ದುಡ್ಡು ಬೇಡ. ಬೆಳೆದ ಮೇಲೆ ಎರಡು ಹಿಡಿ ತಂದುಕೊಡು." ಅದರ ಹೆಸರನ್ನೂ ಎರಡು ಸಲ ಹೇಳಿದರು. ಜೇಬಿನಲ್ಲಿ ಪೆನ್ನಿತ್ತು, ನೆನಪಿರುತ್ತದೆ ಬಿಡು ಎಂದುಕೊಂಡೆ.

ರಾತ್ರಿ ಊರಿನಲ್ಲಿ ಅಣ್ಣ ಗಂಟು ಬಿಚ್ಚಿ, ಕಾಳನ್ನು ದೀಪಕ್ಕೆ ಹಿಡಿದು ಕೇಳಿದ: "ಯಾವ ರಾಗಿ ಇದು?"

ಉಂಡೆಯೋ, ಎಡಗೋ? ತೆನೆ ಹೇಗಿತ್ತೆಂಬುದೂ ನೆನಪಾಗಲಿಲ್ಲ. "ರಾಗಿ" ಎಂದೆ.

"ಅದು ನನಗೂ ಕಾಣಿಸುತ್ತಿದೆ" ಎಂದ.